‘ಒಲ್ಲೆ’ಗೆ ಒಂದು ಒತ್ತು

ಭಾನುವಾರದ ಪತ್ರಿಕೆಯನ್ನು ಮನೆಯಲ್ಲಿ ಮೊದಲು ಓದುವುದು ಅತ್ತೆ. ಮುಖಪುಟದ ರಾಜಕಾರಣಿಗಳಿಗೆಲ್ಲ ಸಾರಾಸಗಟಾಗಿ ಒಂದು ‘ಥೂ’ ಹೇಳಿ ಮಡಚಿಟ್ಟು, ಪುರವಣಿಯಲ್ಲಿ ಸೊಸೆಯ ಹೆಸರು ಎಲ್ಲಿದೆ ಎಂದು ಹುಡುಕುತ್ತಾರೆ. ಸಿಕ್ಕಿದರೆ ಪಕ್ಕದ ಮನೆಗೂ ಕೇಳುವ ಹಾಗೆ ಓದುತ್ತಾರೆ.

“ಕೊನೆಗೂ ಕೂಗಿದ ಕೋಗಿಲೆ!” ಎಂದು ಅತ್ತೆ ಓದಿದರು. “ಭೇಷ್ ಕಣೇ. ಮೂರಕ್ಕೆ ಮೂರೂ ‘ಕ’.”

ಹಲ್ಲುಜ್ಜುತ್ತಿದ್ದ ಸೊಸೆ ಬಾಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದಳು. “ಏನಂದ್ರಿ?”

“ನೀನು ಬರೆದಿದ್ದನ್ನೇ ಅಂದೆ. ಕೋಗಿಲೆ.”

ಅವಳು ಪುರವಣಿ ಕಿತ್ತುಕೊಂಡು ನೋಡಿದಳು. ಶೀರ್ಷಿಕೆ ಪುಟದ ಅಗಲಕ್ಕೆ ಹರಡಿತ್ತು. ಪಕ್ಕದಲ್ಲಿ, ಮಾವಿನ ಕೊಂಬೆಯ ಮೇಲೆ ಕೂತ ಕಪ್ಪು ಹಕ್ಕಿಯ ಚಿತ್ರ ಬೇರೆ. ಕೆಳಗೆ ಅವಳ ಹೆಸರು, ದಪ್ಪ ಅಕ್ಷರದಲ್ಲಿ.

“ಯಾಕೆ, ಒತ್ತು ಬಿಟ್ಟುಹೋಗಿದೆಯಾ?” ಅತ್ತೆ ಕೇಳಿದರು. ಸೊಸೆ ಮುಖ ಸಿಂಡರಿಸಿದರೆ ಸಾಮಾನ್ಯವಾಗಿ ಕಾರಣ ಅದೇ ಇರುತ್ತಿತ್ತು.

“ಮಾನ ಬಿಟ್ಟುಹೋಗಿದೆ,” ಎಂದು ಅವಳು ಬಾಯಿ ತೊಳೆಯಲು ಹೋದಳು. ಒಳಗಿನಿಂದ ಲೋಟ ಎತ್ತಿ ಹಾಕಿದ ಸದ್ದು ಬಂತು.

ಕಚೇರಿಯಲ್ಲಿ ಅವಳನ್ನು ಎಲ್ಲರೂ ಒತ್ತಕ್ಕ ಎನ್ನುತ್ತಾರೆ. ಸುದ್ದಿಮೇಜಿನ ಹಿರಿಯ ಉಪಸಂಪಾದಕಿ. ವರದಿಗಾರರು ಬಿಟ್ಟ ಒತ್ತಕ್ಷರಗಳನ್ನು ಹದ್ದಿನ ಕಣ್ಣಿಟ್ಟು ಹಿಡಿಯುವುದರಿಂದ ಬಂದ ಹೆಸರು. ಅದು ಹೊಟ್ಟೆಪಾಡಿನ ಕೆಲಸ. ಮನಸ್ಸಿನ ಕೆಲಸವೆಂದರೆ ಭಾನುವಾರದ ಪುರವಣಿಯಲ್ಲಿ ಬರುವ ‘ಕಿವಿ ತಪ್ಪಿದ್ದು’ ಎಂಬ ಅಂಕಣ. ಜನ ಕೇಳದೆ ಬಿಟ್ಟ ಒಂದು ಆಲ್ಬಂ, ಅದೂ ಹೆಣ್ಣುಮಗಳೊಬ್ಬಳು ಹಾಡಿದ್ದು, ವಾರಕ್ಕೊಂದರಂತೆ ಹೇಳಿ, ಕೇಳಿ ನೋಡಿ ಎನ್ನುವುದು ಅದರ ಕೆಲಸ. ಆಸ್ಪತ್ರೆಯ ಸೂಲಗಿತ್ತಿಯೊಬ್ಬಳು ಮೂಗಿನಲ್ಲಿ ಹಾಡಿದ ಜೋಗುಳಗಳಿಂದ ಹಿಡಿದು, ಮುಂದಿನ ಹಲ್ಲು ಮುರಿದಿದ್ದರಿಂದ ಪ್ರತಿ ‘ಸ’ಕಾರಕ್ಕೂ ಸಣ್ಣ ಸೀಟಿ ಬೀಳುವ ಮುದುಕಿಯ ಹಾಡುಗಳವರೆಗೆ ಎಷ್ಟೋ ಧ್ವನಿಗಳ ಬೆನ್ನು ಹತ್ತಿದ್ದಳು. ಇಂಪು ಎಂಬ ಪದವನ್ನು ಅಂಕಣದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಇಂಪು ಎಂದರೆ ಏನೂ ಹೇಳದೆ ಹೇಳಿದಂತೆ ಎನ್ನುವುದು ಅವಳ ಲೆಕ್ಕ.

ಈ ವಾರದ ಆಲ್ಬಂ ಸಿಕ್ಕಿದ ಬಗೆಯೂ ಒತ್ತಕ್ಷರದ್ದೇ. ಗ್ಯಾಸ್ ಒಲೆಯ ಬರ್ನರ್ ಕಟ್ಟಿಕೊಂಡಿತ್ತು. ಬಿಡಿಸುವುದು ಹೇಗೆಂದು ಫೋನಿನಲ್ಲಿ ‘ಒಲೆ’ ಎಂದು ಹುಡುಕಿದಾಗ, ಒಲೆ ತೊಳೆಯುವ ವಿಡಿಯೊಗಳ ನಡುವೆ ಹಳೆಯ ಕ್ಯಾಸೆಟ್ಟಿನ ಹೊದಿಕೆಯೊಂದು ಕಾಣಿಸಿತು. ಅಂತರ್ಜಾಲಕ್ಕೆ ಏರಿಸಿದ ಪುಣ್ಯಾತ್ಮ ಹೆಸರನ್ನು ‘ಒಲೆ’ ಎಂದು ಬೆರಳಚ್ಚಿಸಿದ್ದ. ಹೊದಿಕೆಯ ಮೇಲೆ ‘ಒಲ್ಲೆ’ ಎಂದಿತ್ತು. ಬೇರೆ ಯಾರಾಗಿದ್ದರೂ ಬೆರಳು ಜಾರಿಸಿ ಮುಂದೆ ಹೋಗುತ್ತಿದ್ದರು. ಒತ್ತಕ್ಕನ ಬೆರಳು ನಿಂತಿತು. ಒಂದು ಲ-ವತ್ತು ಬಿಟ್ಟದ್ದಕ್ಕೆ ಹುಡುಕಿದವರಿಗೆ ಹಾಡು ಸಿಗುತ್ತಿರಲಿಲ್ಲ, ಒಲೆ ಹುಡುಕಿದವರಿಗೆ ಹಾಡು ಬೇಕಿರಲಿಲ್ಲ.

ಅವಳು ಮಸಿ ಕೈಯಲ್ಲೇ ಕೇಳಿದಳು. ತಗ್ಗು ದನಿ, ದಪ್ಪ ದನಿ. ಮೂರನೆಯ ಹಾಡಿನಲ್ಲಿ ಮೇಲಿನ ಸ್ವರಕ್ಕೆ ಏರುವಾಗ ಆ ದನಿ ಹೊಸ ಬಟ್ಟೆ ಹರಿದ ಹಾಗೆ ಒಡೆಯುತ್ತಿತ್ತು. ಹಾಡುವವಳು ಅದನ್ನು ಮುಚ್ಚಲು ಹೋಗಿರಲಿಲ್ಲ. ಒಡಕಿನ ಮೇಲೇ ನಿಂತು ಸಾಲು ಮುಗಿಸಿದ್ದಳು. ಅಂದು ಮನೆಮಂದಿ ಹೋಟೆಲಿನಲ್ಲಿ ಊಟ ಮಾಡಿದರು.

ಹಳೆಯ ವಾದ್ಯಗಾರರೊಬ್ಬರನ್ನು ಕೇಳಿದಾಗ ಹಾಡಿದವಳ ವಿಳಾಸ ಸಿಕ್ಕಿತು. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಚಪ್ಪಲಿ ರಿಪೇರಿ ಮತ್ತು ಝೆರಾಕ್ಸ್ ಅಂಗಡಿಗಳ ನಡುವೆ ಒಂದು ಹೊಲಿಗೆ ಅಂಗಡಿ. ಎರಡು ಯಂತ್ರ, ಒಂದು ನಿಲುವುಗನ್ನಡಿ, ಸೊಂಟದೆತ್ತರಕ್ಕೆ ತುಂಡುಬಟ್ಟೆಯ ಮೂಟೆ. ಒಂದು ಯಂತ್ರದಲ್ಲಿ ಸೊಸೆ, ಇನ್ನೊಂದರಲ್ಲಿ ಅತ್ತೆ. ಆ ಅತ್ತೆಯೇ ‘ಒಲ್ಲೆ’ ಹಾಡಿದವಳು. ಬೀದಿಗೆಲ್ಲ ಹೊಲಿಗೆಯಮ್ಮ.

ಹೊಲಿಗೆಯಮ್ಮ ಮೊದಲು ಮಾತಾಡಲೇ ಒಪ್ಪಿರಲಿಲ್ಲ. ಒತ್ತಕ್ಕ ಎರಡು ರವಿಕೆ ಹೊಲಿಸಿಕೊಂಡ ಮೇಲೆ, ಮೂರನೆಯದರ ಅಳತೆ ಕೊಡುವಾಗ ಬಾಯಿ ಬಿಟ್ಟಳು.

“ಬರ್ಕೋ. ಆದ್ರೆ ಒಂದು ಮಾತು. ಕೋಗಿಲೆ ಅಂತ ಮಾತ್ರ ಬರೀಬೇಡ.”

“ನಾನು ಬರೆಯೋದೇ ಇಲ್ಲ ಅಮ್ಮಾ, ಅಂಥದ್ದೆಲ್ಲ.”

“ಕೇಳು ಮೊದಲು. ಕ್ಯಾಸೆಟ್ ಕಂಪನಿಯವನು ನನ್ನ ದನಿ ಕೇಳಿ, ‘ಚೂರು ಮೇಲಿನ ಶ್ರುತಿಗೆ ಹಾಡಮ್ಮ, ಹೆಂಗಸರ ಥರ’ ಅಂದ. ಒಲ್ಲೆ ಅಂದೆ. ಆಲ್ಬಮ್ಮಿಗೆ ಆ ಹೆಸರು ಬಂದಿದ್ದೇ ಅಲ್ಲಿಂದ. ಅವನು ನಕ್ಕು ಸುಮ್ಮನಾದ. ಆಮೇಲೆ ಡಬ್ಬಿ ಮೇಲೆ, ನನಗೆ ಹೇಳದೆ ಕೇಳದೆ, ‘ನಾಡಿನ ಹೊಸ ಕೋಗಿಲೆ’ ಅಂತ ಅಚ್ಚು ಹಾಕಿಸಿದ. ಜನ ಕೋಗಿಲೆ ಅಂತ ಒಯ್ದರು. ಮನೇಲಿ ಹಾಕಿದ್ರೆ ನಾನು. ಟೇಪು ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತಂದು ಬಿಸಾಡಿದರು. ‘ಕೋಗಿಲೆ ಡಬ್ಬಿಯಲ್ಲಿ ಕಾಗೆ’ ಅಂತ ಒಂದು ಜೋಕು ಹುಟ್ಟಿತು. ನನ್ನ ಮದುವೆ ಮನೇಲೂ ಹೇಳಿದರು ಅದನ್ನ.” ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು. “ಹಾಡು ಚೆನ್ನಾಗಿಲ್ಲ ಅಂದಿದ್ರೆ ತಡ್ಕೋತಿದ್ದೆ. ನಾನು ಕೋಗಿಲೆ ಅಂತ ಯಾವತ್ತು ಹೇಳಿದ್ದೆ? ಯಾರೋ ಕೊಟ್ಟ ಹೆಸರಿಗೆ ನಾನು ಮೋಸಗಾತಿ ಆದೆ. ಕೈ ಎತ್ತು.”

ಒತ್ತಕ್ಕ ಕೈ ಎತ್ತಿದಳು. ಅಳತೆಪಟ್ಟಿ ತೋಳಿನ ಸುತ್ತ ಬಂತು. “ಆ ಪದ ಬರಲ್ಲ ಅಮ್ಮಾ. ಮಾತು ಕೊಡ್ತೀನಿ.”

ಕೊಟ್ಟ ಮಾತು ಅದೊಂದೇ ಪದದ್ದು. ಅವಳು ಬರೆದುಕೊಟ್ಟ ಲೇಖನದಲ್ಲಿ ಎಲ್ಲೂ ಆ ಪದ ಇರಲಿಲ್ಲ; ಡಬ್ಬಿಯ ಕಥೆಯನ್ನೂ ‘ಒಂದು ಹಕ್ಕಿಯ ಹೆಸರು’ ಎಂದಷ್ಟೇ ಹೇಳಿ ದಾಟಿಸಿದ್ದಳು. ಈಗ ಅದೇ ಪದ ಶೀರ್ಷಿಕೆಯಾಗಿ, ಹಕ್ಕಿಯ ಸಮೇತ, ಅವಳ ಹೆಸರಿನ ನೆತ್ತಿಯ ಮೇಲೆ ಕೂತಿತ್ತು.

*

ಭಾನುವಾರ ಹೊಲಿಗೆ ಅಂಗಡಿ ಅರ್ಧ ದಿನ ತೆರೆದಿರುತ್ತದೆ. ಒತ್ತಕ್ಕ ಹೋದಾಗ ಹೊಲಿಗೆಯಮ್ಮನ ಸೊಸೆ ಬಾಗಿಲಲ್ಲೇ ಎದುರುಗೊಂಡಳು.

“ಬನ್ನಿ ಅಕ್ಕಾ! ನಮ್ಮತ್ತೆ ಪೇಪರಲ್ಲಿ ಬಂದುಬಿಟ್ಟರು! ಇಡೀ ಸಾಲಿನವರು ಬಂದು ನೋಡಿ ಹೋದರು. ಝೆರಾಕ್ಸಿನವನು ಕಲರ್ ಕಾಪಿ ಬಿಟ್ಟಿ ತೆಗೆದುಕೊಟ್ಟ ಗೊತ್ತಾ?”

ಆ ಕಾಪಿ ನಿಲುವುಗನ್ನಡಿಯ ನೆತ್ತಿಗೆ ಅಂಟಿಕೊಂಡಿತ್ತು. ಕನ್ನಡಿಯ ಮುಂದೆ ನಿಂತವರು ತಮ್ಮ ಮುಖಕ್ಕಿಂತ ಮೊದಲು ಕೋಗಿಲೆಯನ್ನು ನೋಡಬೇಕು. ಹೊಲಿಗೆಯಮ್ಮ ಯಂತ್ರ ತುಳಿಯುತ್ತಲೇ ಇದ್ದಳು. ಒಂದು ಹೊಲಿಗೆ ಮುಗಿಯಿತು, ಇನ್ನೊಂದು ಶುರುವಾಯಿತು. ಅವಳು ತಲೆ ಎತ್ತಲಿಲ್ಲ.

“ಅಮ್ಮಾ, ಆ ಹೆಡ್ಡಿಂಗು ನಂದಲ್ಲ.”

ಯಂತ್ರ ಓಡುತ್ತಲೇ ಇತ್ತು.

“ನಾವು ಬರೆದುಕೊಟ್ಟು ಹೋಗ್ತೀವಿ. ಹೆಡ್ಡಿಂಗು ಕೊಡೋರು ಪುಟ ಮಾಡೋರು. ನನಗೆ ತೋರಿಸೋದಿಲ್ಲ.”

ಹೊಲಿಗೆಯಮ್ಮ ದಾರ ಕತ್ತರಿಸಿದಳು. “ಹೆಸರು ಯಾರದು ಕೆಳಗೆ?”

“ನಂದೇ.”

“ಡಬ್ಬಿ ಮೇಲೂ ಹೆಸರು ನಂದೇ ಇತ್ತು,” ಎಂದಳು. “ಕಂಪನಿಯವನದ್ದು ಇರಲಿಲ್ಲ.”

ಸೊಸೆ ಇಬ್ಬರ ಮುಖವನ್ನೂ ನೋಡಿದಳು. “ಏನಾಯ್ತತ್ತೆ? ಒಳ್ಳೇದೇ ಬರೆದಿದ್ದಾರಲ್ವಾ?”

“ಒಳ್ಳೇದೇ ಬರೆದಿದ್ದಾಳೆ. ನೀನು ಕಾಜಾ ಹಾಕು.” ಹೊಲಿಗೆಯಮ್ಮ ಮತ್ತೆ ಒತ್ತಕ್ಕನ ಕಡೆ ನೋಡಲಿಲ್ಲ. “ನಿನ್ನ ರವಿಕೆ ಆಗಿದೆ. ಆ ಮೊಳೆಗೆ ನೇತುಹಾಕಿದೀನಿ. ತಗೊಂಡು ಹೋಗು.”

ಬೈದಿದ್ದರೆ ಒತ್ತಕ್ಕ ಬೈಸಿಕೊಳ್ಳುತ್ತಿದ್ದಳು. ಅಷ್ಟು ಹಳೆಯ ಗಾಯದ ಮೇಲೆ ಬರೆ ಎಳೆದ ಕೈ ತನ್ನದು ಎಂದಾಗಿಬಿಟ್ಟಿತ್ತು. ರವಿಕೆಯ ಪೊಟ್ಟಣ ಹಿಡಿದು ಬೀದಿಗಿಳಿದು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಅದೇ ಪುರವಣಿಯನ್ನು ಕೊಡವಿ ಬಿಡಿಸಿ, ಹಕ್ಕಿಯ ಚಿತ್ರ ನೋಡಿ, ಲೇಖನ ಓದದೆ ಪುಟ ತಿರುಗಿಸಿದರು. ಹಕ್ಕಿ ಕಪ್ಪಗೆ ಹೊಳೆಯುತ್ತಿತ್ತು. ಕೆಂಪು ಕಣ್ಣು.

ಒತ್ತಕ್ಕ ಆ ಪುಟ ಮಾಯವಾದ ಮೇಲೂ ಅಲ್ಲೇ ನೋಡುತ್ತಿದ್ದಳು. ಅಪ್ಪಟ ಕಪ್ಪು. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಎಷ್ಟೋ ವರ್ಷ ಮಕ್ಕಳ ಪುಟವನ್ನು ತಿದ್ದಿದವಳು ಅವಳು. ಹಕ್ಕಿಗಳ ಬಗ್ಗೆ ಬರೆಯುತ್ತಿದ್ದವರ ಒತ್ತು ದೀರ್ಘಗಳೆಲ್ಲ ಅವಳ ಕೈಮೇಲೇ ಹೋಗಿದ್ದವು. ಹಾಗೆ ತಿದ್ದಿದ್ದರಲ್ಲಿ ಒಂದು ಸಾಲು ಈಗ ತಾನೇ ಎದ್ದು ಬಂದು ಎದುರು ನಿಂತಿತು.

ಬಸ್ಸಿನಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಳು: “ಅಯ್ಯೋ ಇವನ, ಅದು ಗಂಡು!”

ಪಕ್ಕದವರು ಕಾಲು ಒಳಗೆ ಎಳೆದುಕೊಂಡರು.

*

ಪುರವಣಿಯ ಮುಖ್ಯಸ್ಥನನ್ನು ಕಚೇರಿ ಕರೆಯುವುದು ಪ್ರಾಸಣ್ಣ ಎಂದು. ಪ್ರಾಸವಿಲ್ಲದ ಶೀರ್ಷಿಕೆ ಅವನಿಗೆ ಗುಂಡಿಯಿಲ್ಲದ ಅಂಗಿ. ಸೇತುವೆ ಬಿದ್ದು ಜನ ಸತ್ತ ದಿನವೂ ‘ಸೇತುವೆ ಸೀಳಿ ಸಾವಿನ ಸುಳಿ’ ಎಂದು ಕೊಟ್ಟವನು. ಅವನ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಅವನ ಜೊತೆ ಜಗಳ ಕಷ್ಟ.

ಸೋಮವಾರದ ಸಭೆಯಲ್ಲಿ ಸಂಪಾದಕರು ಬರುವ ಮುಂಚೆಯೇ ಒತ್ತಕ್ಕ ಪುರವಣಿಯನ್ನು ಅವನ ಮುಂದೆ ಎಸೆದಳು.

“ಲೇಖನ ಓದಿದ್ರಾ?”

“ಓದದೇ ಹೆಡ್ಡಿಂಗ್ ಕೊಡ್ತೀನಾ?”

“ಎರಡನೇ ಸಾಲು ಓದಿ.”

ಪ್ರಾಸಣ್ಣ ಓದಿದ. “‘ಈ ದನಿ ತಗ್ಗು, ದಪ್ಪ, ಮೇಲೇರಿದಾಗ ಒಡೆಯುತ್ತದೆ. ಈ ಆಲ್ಬಂ ಕೇಳಬೇಕಾಗಿರುವುದು ಆ ಕಾರಣಕ್ಕೇ.’ ಚೆನ್ನಾಗಿದೆಯಲ್ಲ ಒತ್ತಕ್ಕಾ.”

“ಒಡೆದ ದನಿ ಅಂತ ನಾನು. ಕೋಗಿಲೆ ಅಂತ ನೀವು. ಎತ್ತು ಏರಿಗೆ, ಕೋಣ ನೀರಿಗೆ. ಓದುಗ ಏನು ಅಂದ್ಕೋಬೇಕು?”

“ಓದುಗ ಲೇಖನ ಎಲ್ಲಿ ಓದ್ತಾನೆ? ಹೆಡ್ಡಿಂಗ್ ನೋಡಿ ಖುಷಿಪಡ್ತಾನೆ. ಹೊಗಳಿದ್ದಕ್ಕೂ ಸಿಟ್ಟು ಮಾಡ್ಕೊಂಡ್ರೆ ಹೇಗೆ? ಒಬ್ಬ ಹೆಂಗಸನ್ನ ಕೋಗಿಲೆ ಅನ್ನೋದು ಬೈಗುಳಾನಾ?”

“ಬೈಗುಳಾನೇ. ನೀನು ಇರೋ ಹಾಗೆ ಇದ್ರೆ ನಮಗೆ ಬೇಡ, ಬೇರೆ ಯಾರೋ ಆಗು ಅಂತ ಅದರ ಅರ್ಥ. ನಿಮ್ಮ ಹೊಗಳಿಕೆಗೆ ಅವರು ಒಂದು ಸಲ ಹಾಳಾಗಿದ್ದಾರೆ, ಅದನ್ನೂ ಬರೆದಿದ್ದೀನಿ, ಐದನೇ ಪ್ಯಾರಾ. ಅವರ ಡಬ್ಬಿ ಮೇಲೆ ಯಾವ ಸುಳ್ಳಿತ್ತೋ ಅದನ್ನೇ ನಾಲ್ಕು ಕಾಲಮ್ಮಿನಲ್ಲಿ ಹಾಕಿದ್ದೀರಿ!”

ಪ್ರಾಸಣ್ಣ ಐದನೆಯ ಪ್ಯಾರಾ ಹುಡುಕಿದ. ಅದು ಪುಟದಲ್ಲಿ ಇರಲಿಲ್ಲ; ಶೀರ್ಷಿಕೆಯಿಂದ ಕೆಳಗೆ ಓದುವ ಮನಸ್ಸಾಗದ ಒತ್ತಕ್ಕನೂ ಅದನ್ನು ಈಗಲೇ ನೋಡಿದ್ದು. ಹಕ್ಕಿಯ ಚಿತ್ರಕ್ಕೆ ಜಾಗ ಸಾಲದೆ ಅವನೇ ಕತ್ತರಿಸಿದ್ದ.

ಆಗ ಒತ್ತಕ್ಕನಿಗೆ ದನಿ ಏರಿತು. ಏನು ಅಂದಳು ಎಂಬುದನ್ನು ಮೂಲೆಯಲ್ಲಿ ಕೂತಿದ್ದ ಕ್ರೀಡಾ ವರದಿಗಾರ ಆಮೇಲೆ ಕ್ಯಾಂಟೀನಿನಲ್ಲಿ ಅಭಿನಯಿಸಿ ತೋರಿಸಿದ, ಅದರಲ್ಲಿ ಅರ್ಧ ಅವನ ಸ್ವಂತದ್ದು. ಸಂಪಾದಕರು ಒಳಗೆ ಬಂದದ್ದು ಆ ಹೊತ್ತಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ.

“ಏನಮ್ಮಾ ಇದು, ಬೀದಿ ನಲ್ಲಿ ಹತ್ತಿರ ಜಗಳ ಆಡೋ ಥರ?”

“ಸರ್, ಎರಡನೇ ಪುಟದಲ್ಲಿ ‘ತಪ್ಪು-ಒಪ್ಪು’ ಹಾಕಬೇಕು.”

‘ತಪ್ಪು-ಒಪ್ಪು’ ಪತ್ರಿಕೆಯ ತಿದ್ದುಪಡಿಗಳ ಪುಟ್ಟ ಚೌಕ. ಅಚ್ಚಾದ ಮಾಹಿತಿ ತಪ್ಪಿದ್ದರೆ, ಅದು ಎಷ್ಟೇ ಸಣ್ಣದಿರಲಿ, ಯಾರದ್ದೇ ಇರಲಿ, ಅಲ್ಲಿ ಒಪ್ಪಿಕೊಳ್ಳಲೇಬೇಕೆಂಬುದು ಸಂಪಾದಕರೇ ಹಾಕಿಕೊಂಡ ನಿಯಮ. ಭಾಷಣಗಳಲ್ಲಿ ಅವರು ಅದನ್ನು ಎದೆ ತಟ್ಟಿಕೊಂಡು ಹೇಳುವುದುಂಟು.

“ಅದು ರೂಪಕ ಸರ್,” ಎಂದ ಪ್ರಾಸಣ್ಣ. “ರೂಪಕಕ್ಕೆ ಎಲ್ಲಾದ್ರೂ ತಿದ್ದುಪಡಿ ಉಂಟಾ? ನಾಳೆ ‘ಚಂದ್ರಮುಖಿ’ ಅಂದ್ರೆ ಮುಖದಲ್ಲಿ ಕುಳಿ ಇಲ್ಲ ಅಂತ ಹಾಕ್ತೀವಾ?”

ಮೇಜಿನ ಸುತ್ತ ನಗು ಎದ್ದಿತು. ಒತ್ತಕ್ಕ ನಗು ಮುಗಿಯುವವರೆಗೆ ಕಾದಳು.

“ರೂಪಕ ಬಿಡಿ. ಮಾಹಿತಿ ತಪ್ಪು. ಇಂಪಾಗಿ ಕೂಗೋ ಕೋಗಿಲೆ ಗಂಡು. ಹೆಣ್ಣಿಗೆ ಆ ದನಿ ಇಲ್ಲ. ಚಿತ್ರದಲ್ಲಿರೋದೂ ಗಂಡೇ, ಹೆಣ್ಣಿಗೆ ಮೈಮೇಲೆಲ್ಲ ಚುಕ್ಕೆ ಇರುತ್ತೆ. ನಮ್ಮ ಮಕ್ಕಳ ಪುಟದಲ್ಲೇ ಬಂದಿದೆ, ಇಲ್ಲಿ ನೋಡಿ. ಮಕ್ಕಳಿಗೆ ಒಂದು ಹೇಳಿ ಅವರ ಅಪ್ಪ ಅಮ್ಮಂದಿರಿಗೆ ಇನ್ನೊಂದು ಹೇಳಿದ್ದೀವಿ.”

ಸಂಪಾದಕರು ಕಾಗದ ಇಸಿದುಕೊಂಡು ಓದಿದರು. “ಹೌದೇನ್ರೀ ಇದು?” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು.

“ಸರ್, ಕವಿಗಳೆಲ್ಲ ಹೆಣ್ಣುದನಿಗೆ ಕೋಗಿಲೆ ಅಂತಲೇ—”

“ಕವಿಗಳು ‘ತಪ್ಪು-ಒಪ್ಪು’ ಇಟ್ಟುಕೊಂಡಿಲ್ಲ,” ಎಂದಳು ಒತ್ತಕ್ಕ. “ನಾವು ಇಟ್ಟುಕೊಂಡಿದ್ದೀವಿ.”

ಪ್ರಾಸಣ್ಣನ ಮುಖ ಕೆಂಪಾಯಿತು. “ಹಾಕಿ ಸರ್, ಹಾಕಿ. ಊರೆಲ್ಲ ನಗಲಿ. ಆದ್ರೆ ನನ್ನ ಪುಟದಲ್ಲಿ ಬರೆದು ನನ್ನನ್ನೇ ಎರಡನೇ ಪುಟದಲ್ಲಿ ನೇತುಹಾಕೋರ ಅಂಕಣ ನನಗೆ ಬೇಡ. ಮುಂದಿನ ವಾರದಿಂದ ಆ ಜಾಗಕ್ಕೆ ಪದಬಂಧ ಹಾಕ್ತೀನಿ.”

ಎಲ್ಲರೂ ಸಂಪಾದಕರನ್ನು ನೋಡಿದರು. ಸಂಪಾದಕರು ಪಂಖವನ್ನು ನೋಡಿದರು. ಅಲ್ಲಿಗೆ ತೀರ್ಮಾನವಾಯಿತು: ಒಬ್ಬರಿಗೆ ತಿದ್ದುಪಡಿ, ಇನ್ನೊಬ್ಬರಿಗೆ ಪದಬಂಧ. ಹಾವೂ ಉಳಿಯಿತು, ಕೋಲೂ ಉಳಿಯಿತು.

ಒತ್ತಕ್ಕ ಅಲ್ಲೇ ಕೂತು ಐದು ವಾಕ್ಯ ಬರೆದು ಮುಂದಿಟ್ಟಳು. ಸಂಪಾದಕರು ಒಂದು ವಾಕ್ಯ ಹೊಡೆದುಹಾಕಿದರು. ‘ಶೀರ್ಷಿಕೆ ಲೇಖಕಿಯದಲ್ಲ’ ಎಂಬುದು.

“ಒಳಗಿನ ಜಗಳ ಹೊರಗೆ ಬೇಡ. ಪತ್ರಿಕೆ ಅಂದ್ಮೇಲೆ ಎಲ್ಲರೂ ಒಂದೇ.”

ಅವಳ ಹೆಸರನ್ನು ತೊಳೆಯಲು ಇದ್ದದ್ದು ಅದೊಂದೇ ವಾಕ್ಯ. ಅದು ಹೋದರೆ ತಪ್ಪು ಅವಳದೇ ಎಂದು ಊರು ಓದುತ್ತದೆ. ಅದಕ್ಕಾಗಿ ಹಟ ಹಿಡಿದರೆ ಉಳಿದ ನಾಲ್ಕೂ ಹೋಗಬಹುದು. ಒತ್ತಕ್ಕ ಪೆನ್ನಿನ ಟೋಪಿ ಹಾಕಿದಳು. “ನಾಲ್ಕರಲ್ಲಿ ಒಂದು ಅಕ್ಷರ ಮುಟ್ಟಿದ್ರೂ ನಾನು ಸುಮ್ಮನಿರಲ್ಲ,” ಎಂದು ಪ್ರಾಸಣ್ಣನಿಗೆ ಹೇಳಿ ಎದ್ದಳು.

ಮಂಗಳವಾರ ಅದು ಹಾಗೇ ಬಂತು:

‘ಭಾನುವಾರದ ಪುರವಣಿಯ ಶೀರ್ಷಿಕೆಯೊಂದರಲ್ಲಿ, ‘ಒಲ್ಲೆ’ ಆಲ್ಬಂ ಹಾಡಿದ ಗಾಯಕಿಯನ್ನು ಕೋಗಿಲೆ ಎಂದು ಕರೆಯಲಾಗಿದೆ. ಇಂಪಾಗಿ ಕೂಗುವುದು ಗಂಡು ಕೋಗಿಲೆ. ಹೆಣ್ಣಿನ ದನಿ ಬೇರೆಯೇ ಇದೆ. ತಪ್ಪಿಗೆ ವಿಷಾದಿಸುತ್ತೇವೆ.’

ಮನೆಯಲ್ಲಿ ಅತ್ತೆ ಅದನ್ನೂ ಗಟ್ಟಿಯಾಗಿ ಓದಿದರು. “ಇಷ್ಟು ವರ್ಷ ನಾನು ಯಾರ ಹಾಡು ಕೇಳಿ ತಲೆದೂಗ್ತಿದ್ದೆ ಹಾಗಾದ್ರೆ? ಗಂಡಸಿನದಾ?” ಎಂದು ಮಗನ ಕಡೆ ತಿರುಗಿದರು, ಅವನೇ ಮೋಸ ಮಾಡಿದ ಹಾಗೆ.

*

ಹೊಲಿಗೆ ಅಂಗಡಿಯಲ್ಲಿ ಹೊಲಿಗೆಯಮ್ಮ ಎರಡನೇ ಪುಟವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಯಂತ್ರ ನಿಂತಿತ್ತು.

“ನೀನು ಹಾಕಲಿಲ್ಲ ಹೆಡ್ಡಿಂಗು ಅಂತ ಇದರಲ್ಲಿ ಎಲ್ಲೂ ಇಲ್ಲ,” ಎಂದಳು.

“ಆ ಸಾಲು ಬರೆದಿದ್ದೆ. ಹೊಡೆದುಹಾಕಿದರು.”

“ಮತ್ತೆ ಬಿಟ್ಟೆಯಾ?”

“ಎರಡರಲ್ಲಿ ಒಂದು ಉಳೀತಿತ್ತು ಅಮ್ಮಾ. ನಿಮ್ಮದು ಉಳಿಸಿದೆ. ಅಂಕಣವೂ ಹೋಯ್ತು.”

ಹೊಲಿಗೆಯಮ್ಮ ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. “ಕೂತ್ಕೋ. ಹೆಣ್ಣಿನ ದನಿ ಬೇರೆ ಅಂತ ಬರೆದಿದ್ದೀಯಲ್ಲ, ಹೇಗಿರತ್ತೆ ಅದು?”

“ಕಿಕ್ ಕಿಕ್ ಕಿಕ್ ಅಂತ. ಗಡುಸು. ಯಾರಿಗೋ ಬೈದ ಹಾಗೆ.”

“ಸೊಗಸಾಗಿಲ್ಲವಾ?”

“ಸೊಗಸಿಗೆ ಕೂಗಲ್ಲ ಅದು.”

ಹೊಲಿಗೆಯಮ್ಮನ ಭುಜ ಅಲುಗತೊಡಗಿತು. ನಗು ಹೊಟ್ಟೆಯಿಂದ ಎದ್ದು, ಮೇಲೆ ಬರುತ್ತ, ಮೂರನೆಯ ಹಾಡಿನ ಅದೇ ಜಾಗದಲ್ಲಿ ಒಡೆಯಿತು. ಕಣ್ಣೊರೆಸಿಕೊಂಡಳು. “ಹಾಗಾದ್ರೆ ಡಬ್ಬಿ ಮೇಲೆ ಬರೆದದ್ದು ಸರಿಯಾಗೇ ಇತ್ತಲ್ಲೇ! ಹೆಣ್ಣು ಕೋಗಿಲೆ ಹೇಗೆ ಕೂಗತ್ತೆ ಅಂತ ಕೊಂಡವರಿಗೇ ಗೊತ್ತಿರಲಿಲ್ಲ.”

ಒತ್ತಕ್ಕನಿಗೆ ನಗು ಬರಲಿಲ್ಲ. ಒಂದು ಗಂಟಲಿಗೆ ಇಷ್ಟು ವರ್ಷ ಬೀಗ ಬಿದ್ದದ್ದು ಒಂದು ಹಕ್ಕಿಯ ಬಗ್ಗೆ ಯಾರಿಗೂ ನೆಟ್ಟಗೆ ಗೊತ್ತಿಲ್ಲದ್ದರಿಂದ ಎಂದರೆ, ಅದರಲ್ಲಿ ನಗುವಂಥದ್ದು ಅವಳಿಗೇನೂ ಕಾಣಲಿಲ್ಲ. ಪದಬಂಧ ಕಣ್ಣ ಮುಂದೆ ಬಂತು. ಎಡದಿಂದ ಬಲಕ್ಕೆ, ಮೂರು ಅಕ್ಷರ, ಇಂಪಾಗಿ ಹಾಡುವ ಹಕ್ಕಿ. ಪ್ರಾಸಣ್ಣ ಖಂಡಿತ ಹಾಕುತ್ತಾನೆ.

“ಮುಖ ಯಾಕೆ ಹಾಗೆ ಮಾಡ್ಕೋತೀ? ಮುಂದಿನ ವಾರ ಯಾರದ್ದು ಬರೋದಿತ್ತು?” ಎಂದಳು ಹೊಲಿಗೆಯಮ್ಮ.

“ಲಾರಿ ಕ್ಲೀನರ್ ಹೆಂಡತಿ ಒಬ್ಬಳದು. ಉಸಿರು ಸಾಲದೆ ಸಾಲಿನ ಮಧ್ಯೆ ನಿಲ್ಲಿಸಿಬಿಡ್ತಾಳೆ. ಆಮೇಲೆ, ಎಲ್ಲಿ ಬಿಟ್ಟಳೋ ಅಲ್ಲಿಂದಲೇ ಎತ್ತಿಕೊಳ್ತಾಳೆ.”

“ಫೋನಲ್ಲಿ ಹಾಕು. ಕೇಳೋಣ.”

ಅಷ್ಟರಲ್ಲಿ ಸೊಸೆ ಕನ್ನಡಿಯ ಮೇಲಿದ್ದ ಬಣ್ಣದ ಕಾಪಿಯನ್ನು ಕಿತ್ತು ಹಾಕಿದ್ದಳು. ಅಂಟು ಬಿಡದೆ ಹಕ್ಕಿಯ ಬಾಲ ಮಾತ್ರ ಅಲ್ಲೇ ಉಳಿದಿತ್ತು. ಅದನ್ನು ಉಗುರಿನಿಂದ ಕೆರೆದು, ಬಟ್ಟೆಗೆ ಗುರುತು ಹಾಕುವ ಮೇಣದ ಬಳಪದಿಂದ ಕನ್ನಡಿಯ ನೆತ್ತಿಗೆ ದಪ್ಪಗೆ ಬರೆದಳು. “ಅಳತೆ ಕೊಡೋಕೆ ಬಂದವರೆಲ್ಲ ಓದಲಿ. ಬಟ್ಟೆ ಬೇಕಾದ್ರೆ ಹಾಡು ಕೇಳಿಕೊಂಡು ಬರಬೇಕು ಅಂತೀನಿ,” ಎಂದು ಹಿಂದೆ ಸರಿದು ನಿಂತಳು. “ಚೆನ್ನಾಗಿದೆಯಾ ಅಕ್ಕಾ?”

‘ಅತ್ತೆಯ ಆಲ್ಬಂ: ಒಲೆ. ತಪ್ಪದೆ ಕೇಳಿ.’

ಒತ್ತಕ್ಕ ಫೋನು ಕೆಳಗಿಟ್ಟಳು. ಎದ್ದು ಹೋಗಿ, ಸೊಸೆಯ ಕೈಯಿಂದ ಬಳಪವನ್ನು ಇಸಿದುಕೊಂಡು, ಕನ್ನಡಿಗೆ ಮೊಣಕೈ ಊರಿ, ‘ಲೆ’ಯ ಕೆಳಗೆ ಒತ್ತು ಹಾಕಿದಳು. ಎಷ್ಟು ಒತ್ತಿ ಹಾಕಿದಳೆಂದರೆ ಬಳಪ ಮುರಿಯಿತು.